ಮೋಸದ ಸ್ಕೀಗಳು

80ರ ದಶಕದಲ್ಲಿ ಆಲ್ಪ್ಸ್ ತಪ್ಪಲಿನ ಯಾವ ಅಂಗಡಿಗೆ ಹೋದರೂ ಸ್ಕೀ ಅಳೆಯುವ ಕ್ರಮ ಒಂದೇ. ಕೈ ಮೇಲೆತ್ತಿ ನಿಲ್ಲಬೇಕು, ಸ್ಕೀಯ ಮೂತಿ ಮಣಿಕಟ್ಟಿಗೆ ತಾಗಿದರೆ ಅದು ನಿಮ್ಮದು. ಹುಬ್ಬಳ್ಳಿಯಿಂದ ಮ್ಯೂನಿಕ್‌ಗೆ ಯಂತ್ರ ವಿನ್ಯಾಸದ ಕೆಲಸಕ್ಕೆ ಬಂದ ನನಗೂ ಹಾಗೆಯೇ 2 ಮೀಟರ್ ಉದ್ದದ ಜೋಡಿಯೊಂದು ಗಂಟುಬಿತ್ತು. ಅದರ ಮೇಲೆ ತಿರುಗುವುದನ್ನು ಕಲಿಸಿದವರು ಟಿರೋಲಿನ ಒಬ್ಬ ಹಿರಿಯರು. ಮೊಣಕಾಲು ಮಡಿಸು, ಮೇಲೆದ್ದು ಮೈಭಾರ ಹಗುರ ಮಾಡು, ಆ ಅರೆಗಳಿಗೆಯಲ್ಲಿ ಎರಡನ್ನೂ ಹೊರಳಿಸಿ ಅಡ್ಡಡ್ಡ ಜಾರಿಸು. ಹಿಮದ ಪುಡಿ ಆಳೆತ್ತರ ಚಿಮ್ಮುತ್ತಿತ್ತು. ನೋಡುವವರಿಗೆ ಅದೇ ಚೆಂದ. ನನ್ನ ಕಣ್ಣಿಗೆ ಅದು ಬ್ರೇಕು: ಗಳಿಸಿದ ವೇಗವನ್ನು ತಿರುವು ತಿರುವಿನಲ್ಲೂ ಕೆರೆದು ಚೆಲ್ಲುವ ಕೆಲಸ. ಅಂದವಾಗಿ ಚೆಲ್ಲಬಲ್ಲವನೇ ಆಗಿನ ಪರಿಣತ.

ಚೆಲ್ಲದೆಯೂ ತಿರುಗಬಹುದು. ಡಮರುಗವನ್ನು ಎಳೆದು ಉದ್ದ ಮಾಡಿದಂತೆ ಸ್ಕೀಯ ಮೂತಿ, ಬಾಲ ಅಗಲವಾಗಿ ನಡು ಸಣ್ಣಗಿದ್ದರೆ ಸಾಕು. ಅದನ್ನು ಅಂಚಿನ ಮೇಲೆ ವಾಲಿಸಿ ಒತ್ತಿದಾಗ ನಡು ಹಿಮಕ್ಕೆ ಇಳಿದು ಇಡೀ ಸ್ಕೀ ಬಾಗುತ್ತದೆ, ಆ ಬಾಗಿನ ಗುಂಟ ತಾನೇ ಹರಿಯುತ್ತದೆ. ಮೂತಿ ಕೊರೆದ ಗೀರಿನಲ್ಲೇ ಬಾಲವೂ ಹಾಯುತ್ತದೆ. ಹಿಂದಿರುಗಿ ನೋಡಿದರೆ ಎರಡು ತೆಳು ಗೆರೆ. ಕಾರ್ವಿಂಗ್ ಅಂದರೆ ಇಷ್ಟೇ.

ಉಪಾಯ ಹಳೆಯದು. ನಾರ್ವೆಯ ಟೆಲೆಮಾರ್ಕ್ ಸೀಮೆಯ ಮೊರ್ಗೆಡಾಲ್‌ನ ಬಡ ಗೇಣಿದಾರ ಸೋಂದ್ರೆ ನೋರ್ಹೈಮ್ 19ನೇ ಶತಮಾನದಲ್ಲೇ ನಡು ಸಣ್ಣಗಿನ ಸ್ಕೀ ಕೆತ್ತುತ್ತಿದ್ದ, ಎಳೆಬೇರು ಹೊಸೆದು ಹಿಮ್ಮಡಿಯನ್ನು ಬಿಗಿದುಕೊಳ್ಳುತ್ತಿದ್ದ. 1868ರಲ್ಲಿ, 42ರ ವಯಸ್ಸಿನಲ್ಲಿ, ಇಂದು ಓಸ್ಲೋ ಎನಿಸಿಕೊಂಡಿರುವ ಕ್ರಿಸ್ಟಿಯಾನಿಯಾಕ್ಕೆ ಬಂದು ಪೇಟೆಯವರನ್ನೆಲ್ಲ ಬೆರಗುಗೊಳಿಸಿದ. ಕೊನೆಗೆ ಹೊಟ್ಟೆಪಾಡಿಗೆಂದು ಅಮೆರಿಕಕ್ಕೆ ವಲಸೆ ಹೋಗಿ 1897ರಲ್ಲಿ ನಾರ್ತ್ ಡಕೋಟಾದಲ್ಲಿ ತೀರಿಕೊಂಡ. ಇಳಿಜಾರಿಗೆ ಹೆಸರಾದವನು ಬಯಲುಸೀಮೆಯ ಮಣ್ಣಿಗೆ ಸೇರಿದ!

ಆಮೇಲೆ ನೂರಕ್ಕೂ ಹೆಚ್ಚು ವರ್ಷ ಆ ನಡು ಹೆಚ್ಚೇನೂ ಸಣ್ಣಗಾಗಲಿಲ್ಲ. 80ರ ದಶಕದ ಸ್ಕೀಯಲ್ಲೂ ಬದಿಯ ಒಳಬಾಗು ಸುಮಾರು 7 ಮಿಲಿಮೀಟರ್. ಆ ಬಾಗನ್ನು ಪೂರ್ತಿ ವೃತ್ತವಾಗಿ ಬೆಳೆಸಿದರೆ ತ್ರಿಜ್ಯ 40 ಮೀಟರ್ ದಾಟುತ್ತಿತ್ತು. ಅಡ್ಡಿಯಾದದ್ದು ಸಾಮಗ್ರಿ. ಮೂತಿಯನ್ನು ಅಗಲ ಮಾಡಿದಷ್ಟೂ ಅಂಚಿನ ಮೇಲಿನ ಒತ್ತಡ ನಡುಗೆರೆಯಿಂದ ದೂರ ಸರಿಯುತ್ತದೆ, ಸ್ಕೀ ತಿರುಚಿಕೊಳ್ಳುತ್ತದೆ, ಅಂಚು ಮಲಗಿ ಹಿಡಿತ ತಪ್ಪುತ್ತದೆ. ಬರೀ ಮರಕ್ಕೆ ಆ ತಿರುಚನ್ನು ತಡೆಯುವ ಬಿಗಿ ಇಲ್ಲ. 1926ರ ಸುಮಾರಿಗೆ ಸಾಲ್ಜ್‌ಬರ್ಗಿನ ರುಡಾಲ್ಫ್ ಲೆಟ್ನರ್ ಉಕ್ಕಿನ ಅಂಚು ಕೂರಿಸಿದ. ವಿಮಾನ ಕಾರ್ಖಾನೆಯಲ್ಲಿ ದುಡಿದಿದ್ದ ಅಮೆರಿಕದ ಹೊವಾರ್ಡ್ ಹೆಡ್ 1950ರ ಹೊತ್ತಿಗೆ ಪ್ಲೈವುಡ್ ತಿರುಳಿನ ಎರಡೂ ಕಡೆ ಅಲ್ಯೂಮಿನಿಯಂ ಹಾಳೆ ಅಂಟಿಸಿ ಮಾರಿದ. ಅದು ಸಲೀಸಾಗಿ ತಿರುಗುತ್ತಿತ್ತು. ಆ ಕಾರಣಕ್ಕೇ ಪರಿಣತರು ಅದನ್ನು ಮೋಸದ ಸ್ಕೀ ಎಂದು ಹೀಯಾಳಿಸಿದರು! ಕಷ್ಟಪಟ್ಟು ಕಲಿತದ್ದು ಬೇರೆಯವರಿಗೆ ಸುಲಭವಾಗಿ ದಕ್ಕಿದರೆ ಯಾರಿಗೆ ತಾನೆ ಹೊಟ್ಟೆ ಉರಿಯುವುದಿಲ್ಲ? 1960ರ ಸ್ಕ್ವಾ ವ್ಯಾಲಿ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಜಾನ್ ವುವಾರ್ನೆ ಲೋಹದ ಸ್ಕೀ ಮೇಲೆ ಡೌನ್‌ಹಿಲ್ ಚಿನ್ನ ಗೆದ್ದ ಮೇಲೆ ಆ ಹೊಟ್ಟೆಯುರಿ ತಣ್ಣಗಾಯಿತು.

ಮುಂದಿನ ಹೆಜ್ಜೆ ಇಟ್ಟದ್ದು ಸ್ಲೊವೇನಿಯಾದ ಬೆಗುನ್ಯೆ ಎಂಬ ಪುಟ್ಟ ಊರಿನ ಎಲಾನ್ ಕಾರ್ಖಾನೆ. ಸ್ವೀಡನ್ನಿನ ಇಂಗೆಮಾರ್ ಸ್ಟೆನ್‌ಮಾರ್ಕ್ ತನ್ನ 86 ವಿಶ್ವಕಪ್ ಪಂದ್ಯಗಳನ್ನು ಗೆದ್ದದ್ದು ಇಲ್ಲಿನ ಸ್ಕೀಗಳ ಮೇಲೆಯೇ. ಸ್ಲೊವೇನಿಯಾ ಆಗ ಸೇರಿಕೊಂಡಿದ್ದ ಯುಗೊಸ್ಲಾವಿಯಾ ಒಡೆಯುತ್ತಿದ್ದ, ಕಾರ್ಖಾನೆಯೂ ದಿವಾಳಿಯೆದ್ದ ಆ ವರ್ಷಗಳಲ್ಲಿ ಯೂರಿ ಫ್ರಾಂಕೊ, ಪಾವೆಲ್ ಷ್ಕೋಫಿಚ್ ಎಂಬ ಎಂಜಿನಿಯರುಗಳು ಒಳಬಾಗನ್ನು ಒಮ್ಮೆಗೇ 20 ಮಿಲಿಮೀಟರ್ ದಾಟಿಸಿದರು. 1993ರಲ್ಲಿ ಎಸ್‌ಸಿಎಕ್ಸ್ ಎಂಬ ಹೆಸರಲ್ಲಿ ಆ ಸ್ಕೀ ಹೊರಬಂತು. ಪರಿಣತರದು ಮತ್ತದೇ ರಾಗ: ಕಲಿಯುವ ಮಕ್ಕಳಿಗೆ ಸರಿ, ನಮಗಲ್ಲ. ಕಂಪನಿಗಳೂ ಮೊದಮೊದಲು ಹಾಗೇ ಹೇಳಿ ಮಾರಿದವು. 1996ರಲ್ಲಿ ಹದಿಹರೆಯದ ಬೋಡಿ ಮಿಲ್ಲರ್ ಅಮೆರಿಕದ ಕಿರಿಯರ ಪಂದ್ಯಗಳಲ್ಲಿ ಕೆ2 ಕಂಪನಿಯ ಅಂಥದೇ ಜೋಡಿ ತೊಟ್ಟು ಗೆದ್ದ. ನಾಲ್ಕೈದು ವರ್ಷಗಳಲ್ಲಿ 2 ಮೀಟರ್ ದಾಟಿದ್ದ ಸ್ಲಾಲಂ (ಕಂಬಗಳ ನಡುವೆ ಒತ್ತೊತ್ತಾಗಿ ತಿರುಗುತ್ತ ಇಳಿಯುವ ಸ್ಪರ್ಧೆ) ಸ್ಕೀ 160 ಸೆಂಟಿಮೀಟರಿನ ಆಸುಪಾಸಿಗೆ ಇಳಿದಿತ್ತು.

ನುರಿತವನಿಗೆ ಈ ನಡು ಸಣ್ಣಗಿನ ಸ್ಕೀಯ ಗುಣವೇನು? ತಿರುವಿನ ಮೊದಲರ್ಧದಲ್ಲೇ, ಇನ್ನೂ ಕೆಳಮುಖವಾಗುವ ಮುನ್ನವೇ, ಅಂಚು ಕಚ್ಚುತ್ತದೆ. ಹಳೆಯ ಜೋಡಿಯಲ್ಲಿ ಆ ಭಾಗ ಬರೀ ಕಾಯುವ ಹೊತ್ತಾಗಿತ್ತು. ಬೆಳಿಗ್ಗೆ ಯಂತ್ರ ಹಾಯ್ದು ಸಮಮಾಡಿದ ಗಟ್ಟಿ ಹಿಮದ ಮೇಲೆ ಸೊಂಟ ನೆಲಕ್ಕೆ ತಾಗುವಷ್ಟು ವಾಲಿದರೂ ಅದು ಕೈಬಿಡುವುದಿಲ್ಲ. ಮಧ್ಯಾಹ್ನ ಹಿಮ ಗುಪ್ಪೆಯಾದಾಗ ಅಗಲ ಮೂತಿ ಅತ್ತಿತ್ತ ಸೆಳೆದು ಪೀಡಿಸುತ್ತದೆ. 13 ಮೀಟರ್ ತ್ರಿಜ್ಯದ ಸ್ಲಾಲಂ ಜೋಡಿ ನೇರ ಓಟದಲ್ಲಿ ಚಡಪಡಿಸುತ್ತದೆ. 18 ಮೀಟರಿನದು ಶಾಂತ, ನನಗೆ ಅದೇ ಪ್ರಿಯ. ಒಮ್ಮೆ ಕಚ್ಚಿದರೆ ಸುಲಭಕ್ಕೆ ಬಿಡಿಸಿಕೊಳ್ಳುವುದಿಲ್ಲ ಎಂಬುದನ್ನು ಮೊಣಕಾಲು ಮೊದಲು ಕಲಿಯುತ್ತದೆ.

ಲೆಕ್ಕ ಸರಳ. 15 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿದ್ದರೆ ಪಕ್ಕದ ಸೆಳೆತ ನಮ್ಮ ಮೈತೂಕಕ್ಕಿಂತ ತುಸು ಕಡಿಮೆ. ಅದೇ ತಿರುವಿನಲ್ಲಿ 100 ಕಿ.ಮೀ. ವೇಗವಾದರೆ ಮೈತೂಕದ ಐದು ಪಟ್ಟು! ಕಾಲು ತಡೆಯುವ ಮಾತೇ ಇಲ್ಲ. ಅದಕ್ಕೇ ಆಲ್ಪೈನ್ ಸ್ಪರ್ಧೆಗಳಲ್ಲಿ ಎಲ್ಲಕ್ಕಿಂತ ವೇಗದ್ದಾದ ಡೌನ್‌ಹಿಲ್‌ನಲ್ಲಿ ಗಂಡಸರ ಸ್ಕೀ ಇಂದಿಗೂ ಕನಿಷ್ಠ 218 ಸೆಂಟಿಮೀಟರ್ ಉದ್ದ, ತ್ರಿಜ್ಯ ಕನಿಷ್ಠ 50 ಮೀಟರ್.

ಮಂಡಿಯ ಪೆಟ್ಟುಗಳು ಹೆಚ್ಚಿದಾಗ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟವು ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರ ಮಾತು ಕೇಳಿ, 2012ರ ಋತುವಿನಿಂದ ಕಂಬಗಳು ಇನ್ನೂ ದೂರ ದೂರವಿರುವ ಜೈಂಟ್ ಸ್ಲಾಲಂನ ಗಂಡಸರ ಸ್ಕೀಯ ಕನಿಷ್ಠ ತ್ರಿಜ್ಯವನ್ನು 27ರಿಂದ 35 ಮೀಟರಿಗೆ ಏರಿಸಿತು. ಈ ಸಲ ಪರಿಣತರು ಕೂಗಾಡಿದ್ದು ಹಳೆಯ ಮಾದರಿಗೆ ತಳ್ಳುತ್ತಿದ್ದಾರೆ ಎಂದು. ಎಲ್ಲರಿಗಿಂತ ಜೋರಾಗಿ ಕೂಗಾಡಿದವರಲ್ಲಿ ಅಮೆರಿಕದ ಟೆಡ್ ಲಿಗೆಟಿಯೂ ಒಬ್ಬ. ಆ ಅಕ್ಟೋಬರಿನಲ್ಲಿ ಆಸ್ಟ್ರಿಯಾದ ಸೋಲ್ಡೆನ್‌ನಲ್ಲಿ ನಡೆದ ಮೊದಲ ಪಂದ್ಯವನ್ನು 2.75 ಸೆಕೆಂಡುಗಳ ಅಂತರದಲ್ಲಿ ಗೆದ್ದವನೂ ಅವನೇ. ತಿರುವಿನ ತಲೆಯಲ್ಲಿ ತುಸು ಜಾರಿಸಿ ದಿಕ್ಕು ಹೊಂದಿಸಿಕೊಳ್ಳುವುದು, ಆಮೇಲೆ ಎಲ್ಲರಿಗಿಂತ ಆಳವಾಗಿ ವಾಲಿ ಕೊರೆಯುವುದು ಅವನ ರೀತಿ. ಆ ಋತುವಿನ ಎಂಟು ಜೈಂಟ್ ಸ್ಲಾಲಂಗಳಲ್ಲಿ ಆರು ಅವನ ಪಾಲಾದವು. 2017ರಲ್ಲಿ ಒಕ್ಕೂಟ ತ್ರಿಜ್ಯವನ್ನು 30 ಮೀಟರಿಗೆ ಇಳಿಸಿತು.