ಮುಂದಿನ ಸಭೆಗೆ

ನಮ್ಮ ತಂದೆಯವರು ಮುನಸಿಪಾಲ್ಟಿಯಲ್ಲಿ ಕಾರಕೂನರಾಗಿದ್ದರು. ಊರಿನ ಹೆಸರು ಬೇಡ. ಆಗಿನ ಅಖಂಡ ಧಾರವಾಡ ಜಿಲ್ಲೆಯ ಒಂದು ತಾಲೂಕು ಊರು ಎಂದರೆ ಸಾಕು. ಅವರಿಗೆ ವಹಿಸಿದ್ದ ಕೆಲಸಗಳಲ್ಲಿ ಮುಖ್ಯವಾದದ್ದು ತಿಂಗಳ ಸಭೆಯ ನಡವಳಿ ಬರೆಯುವುದು. ನೋಟೀಸಿನಲ್ಲಿ ಸಂಜೆ ಐದು ಗಂಟೆ ಎಂದಿದ್ದರೂ ಕೋರಂ ಆಗುವಾಗ ಆರೂವರೆಯಾಗುತ್ತಿತ್ತು. ಸಭೆ ಮುಗಿದ ರಾತ್ರಿ ಊಟವಾದ ಮೇಲೆ ಅವರು ಕಚ್ಚಾ ಬರೆದುಕೊಂಡ ಚೀಟಿಗಳನ್ನು ಹರವಿಕೊಂಡು ಕೂಡುತ್ತಿದ್ದರು. ಆಗ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವಂತಿರಲಿಲ್ಲ. ಎರಡು ತಾಸಿನ ಕೂಗಾಟ, ಮೇಜು ಗುದ್ದಾಟ, ಒಬ್ಬರ ಮನೆತನವನ್ನು ಇನ್ನೊಬ್ಬರು ಎತ್ತಿ ಆಡಿದ ಮಾತು, ಎಲ್ಲವೂ ಅವರ ಕೈಯಲ್ಲಿ ಮೂರು ಶಬ್ದಗಳಾಗಿ ಇಳಿಯುತ್ತಿತ್ತು: 'ಚರ್ಚಿಸಿ ಸರ್ವಾನುಮತದಿಂದ ಠರಾಯಿಸಲಾಯಿತು.' ಈ ಠರಾವು ಎಂಬ ಮರಾಠಿ ಶಬ್ದವನ್ನು ಮುಂಬಯಿ ಸರಕಾರ ನಮಗೆ ಬಿಟ್ಟುಹೋದ ಆಸ್ತಿಯಲ್ಲಿ ಸೇರಿಸಬೇಕು. 1956ರಲ್ಲಿ ನಾವು ಮುಂಬಯಿಯಿಂದ ಬಿಡಿಸಿಕೊಂಡು ಬಂದೆವು, ಠರಾವು ನಮ್ಮ ಜೊತೆಗೇ ಬಂತು.

ಪಟ್ಟಣಗಳಿಗೆ ಮುನಸಿಪಾಲ್ಟಿ ಬಂದ ಕತೆಯನ್ನು ಸ್ವರಾಜ್ಯದ ಮೊದಲ ಪಾಠವೆಂಬಂತೆ ನಮಗೆ ಶಾಲೆಯಲ್ಲಿ ಹೇಳಿಕೊಟ್ಟರು. ಲಾರ್ಡ್ ರಿಪ್ಪನ್ನನ 1882ರ ಮೇ 18ರ ನಿರ್ಣಯ, ಸ್ಥಳೀಯ ಸ್ವಯಂ ಆಡಳಿತ, ಇತ್ಯಾದಿ. ಅದು ಸುಳ್ಳಲ್ಲ. ಆದರೆ ರಿಪ್ಪನ್ ಬರುವ ಮೊದಲೇ ನಮ್ಮ ಕಡೆ ಮುನಸಿಪಾಲ್ಟಿಗಳಿದ್ದವು. 1850ರ ಇಪ್ಪತ್ತಾರನೆಯ ಕಾಯದೆಯ ಪ್ರಕಾರ ಊರಿನವರು ಬೇಕೆಂದು ಕೇಳಿದರೆ ಸರಕಾರ ಅಲ್ಲಿ ಮುನಸಿಪಾಲ್ಟಿ ಸ್ಥಾಪಿಸಬಹುದಾಗಿತ್ತು. ಹುಬ್ಬಳ್ಳಿಯಲ್ಲಿ 1855ರಲ್ಲಿ, ಧಾರವಾಡದಲ್ಲಿ 1856ರಲ್ಲಿ ಹೀಗೆ ಆಯಿತು. ಅತ್ತ ಬೆಂಗಳೂರಿನ ಪೇಟೆಗೂ ದಂಡಿಗೂ ಬೇರೆಬೇರೆ ಮಂಡಳಿಗಳು 1862ರಲ್ಲಿ ಇದೇ ಕಾಯದೆಯಡಿ ಹುಟ್ಟಿದವು. ಕೇಳಿದ 'ಊರಿನವರು' ಯಾರಿರಬಹುದು ಎಂದು ವಿಚಾರಿಸುವುದು ಬೇಡ. ಯಾವ ಊರಿನಲ್ಲಿಯೂ ಊರಿನವರು ಎಂದರೆ ಹತ್ತು ಹದಿನೈದು ಮನೆಗಳು.

ಆ ಮಂಡಳಿಗಳು ಹುಟ್ಟಿದ್ದು ಸ್ವರಾಜ್ಯಕ್ಕಾಗಿ ಅಲ್ಲ, ಕೊಳೆ ತೆಗೆಯುವುದಕ್ಕಾಗಿ. ಓಣಿ ಗುಡಿಸುವುದು, ಗಟಾರ ಬಳಿಯುವುದು, ದೀಪ ಹಚ್ಚುವುದು, ಮನೆಮನೆಯ ಪಾಯಖಾನೆಯಿಂದ ಮಲ ಎತ್ತಿ ಊರ ಹೊರಗೆ ಹಾಕುವುದು. ಉಳಿದದ್ದೆಲ್ಲ ಆಮೇಲೆ ಬಂತು. ಈ ಕೆಲಸಕ್ಕೆಂದು ಮುಂಬಯಿ ಇಲಾಖೆಯಲ್ಲಿ ಒಂದು ಪಟ್ಟಿ ವಸೂಲಾಗುತ್ತಿತ್ತು, ಅದರ ಹೆಸರು ಹಲಾಲಖೋರ ಪಟ್ಟಿ. ಹಲಾಲಖೋರ ಎಂದರೆ ನ್ಯಾಯವಾಗಿ ದುಡಿದು ತಿನ್ನುವವನು. ಗುಡಿಸುವವರಿಗೆ ಈ ಹೆಸರನ್ನು ರೂಢಿಗೆ ತಂದವನು ಅಕ್ಬರ ಬಾದಶಹ ಎಂದು ಅಬುಲ್ ಫಜಲ್ ಬರೆದಿದ್ದಾನೆ. ಹೆಸರು ಬಾದಶಹನದು, ಬುಟ್ಟಿ ಅವರದೇ. ಒಂದು ಜಾತಿಯವರ ತಲೆಯ ಮೇಲಿನ ಹೊರೆ ಊರಿನ ಜಮಾಖರ್ಚಿನಲ್ಲಿ ಒಂದು ಕಲಮಾಗಿ ಕೂತದ್ದು ಹೀಗೆ. 1898ರ ಸುಮಾರಿಗೆ ಹುಬ್ಬಳ್ಳಿ ಧಾರವಾಡಗಳಲ್ಲಿ ಪ್ಲೇಗು ಹೊಕ್ಕು ಜನ ಊರು ಬಿಟ್ಟು ಅಡವಿಯಲ್ಲಿ ಗುಡಿಸಲು ಹಾಕಿಕೊಂಡಾಗ ಈ ಕಲಮಿನ ಬೆಲೆ ಎಲ್ಲರಿಗೂ ಗೊತ್ತಾಗಿರಬೇಕು. ಬೆಲೆ ಗೊತ್ತಾದರೂ ಕೂಲಿ ಏರುವುದು ಬೇರೆ ಮಾತು.

ನಮ್ಮ ಮನೆಯ ಹಿಂದೆಯೂ ಒಂದು ಸಣ್ಣ ಓಣಿ ಇತ್ತು. ಅದಕ್ಕೆ ತಲೆಬಾಗಿಲುಗಳಿರಲಿಲ್ಲ, ಇದ್ದವು ಪಾಯಖಾನೆಯ ಕೆಳಗಿನ ತಗಡಿನ ಕಿಂಡಿಗಳು. ಬೆಳಗ್ಗೆ ನಾವು ಏಳುವುದರೊಳಗೆ ಒಬ್ಬ ಹೆಣ್ಣುಮಗಳು ಬಂದು ಹೋಗಿರುತ್ತಿದ್ದಳು. ಹಬ್ಬದ ಮರುದಿನ ಹಿತ್ತಲ ಬಾಗಿಲಿಗೆ ಬಂದರೆ ಅವ್ವ ಮೇಲಿನಿಂದ ಹೋಳಿಗೆ ಹಾಕುತ್ತಿದ್ದಳು, ಆಕೆ ಸೆರಗೊಡ್ಡಿ ಹಿಡಿಯುತ್ತಿದ್ದಳು. ಆಕೆಯ ಹೆಸರು ನನಗೆ ಆಗಲೂ ಗೊತ್ತಿರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಗೊತ್ತಿತ್ತೆಂದು ಈಗ ಬರೆಯಲಾರೆ.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಸಂಜೆ ತಂದೆ ಚಾಳೀಸು ಮರೆತು ಸಭೆಗೆ ಹೋಗಿದ್ದರು. ಕೊಟ್ಟು ಬರಲು ನನ್ನನ್ನು ಕಳಿಸಿದರು. ಮುನಸಿಪಾಲ್ಟಿಯ ಆವಾರದ ಬೇವಿನ ಮರದ ಕೆಳಗೆ ಏಳೆಂಟು ಮಂದಿ ಕುಕ್ಕರಗಾಲಿನಲ್ಲಿ ಕೂತಿದ್ದರು, ಅವರಲ್ಲಿ ಆ ಹೆಣ್ಣುಮಗಳೂ ಇದ್ದಳು. ತಮ್ಮ ಓಣಿಗೆ ಒಂದು ನಳ ಬೇಕೆಂದು ಅವರು ಅರ್ಜಿ ಕೊಟ್ಟಿದ್ದರು. ಊರಿನ ಹೊಲಸು ತೊಳೆಯುವವರಿಗೆ ಮೈತೊಳೆಯಲು ನೀರಿರಲಿಲ್ಲ. ಊರ ಬಾವಿಗೆ ಅವರು ಹೋಗುವಂತಿರಲಿಲ್ಲ, ಹಳ್ಳದ ವರತೆಯೇ ಗತಿ. ಸಿಪಾಯಿ ನನ್ನನ್ನು ಬಾಗಿಲ ಬಳಿ ನಿಲ್ಲಿಸಿದ. ಒಳಗೆ ಗೊಬ್ಬರದ ಲಿಲಾವಿನ ಚರ್ಚೆ ನಡೆದಿತ್ತು. ಅದೇ ಮಲವನ್ನು ಕಸದೊಂದಿಗೆ ತಗ್ಗಿನಲ್ಲಿ ಕೊಳೆಹಾಕಿ ಮಾಡಿದ ಗೊಬ್ಬರ. ಸುತ್ತಲಿನ ರೈತರು ಒಳ್ಳೆಯ ಬೆಲೆ ಕೊಡುತ್ತಿದ್ದರು. ಹಿಂದಿನ ವರ್ಷಕ್ಕಿಂತ ಕಡಿಮೆಗೆ ಬಿಟ್ಟದ್ದೇಕೆಂದು ಒಬ್ಬರು ಅರ್ಧ ತಾಸು ಮಾತಾಡಿದರು. ಆಮೇಲೆ ನಳದ ಅರ್ಜಿ ಬಂತು.

"ಅಲ್ಲೆ ನಳಾ ಕೊಟ್ಟರ ಮ್ಯಾಲಿನ ಓಣಿಗೆ ನೀರು ಏರೂದಿಲ್ಲ," ಎಂದರು ಒಬ್ಬರು.

"ಕೊಡೂಣು ಬಿಡ್ರೀ, ಅವರೂ ಮನಶ್ಯಾರ," ಎಂದರು ಇನ್ನೊಬ್ಬ ಹಿರಿಯರು. ಯಾರೂ ಅದನ್ನು ವಿರೋಧಿಸಲಿಲ್ಲ. ವಿರೋಧಿಸದೆ ಸುಮ್ಮನಿದ್ದರು.

"ಇಂಜಿನಿಯರ ರಿಪೋರ್ಟು ಬರಲಿ. ಮುಂದಿನ ಸಭಾಕ್ಕ ಇಡೂಣು," ಎಂದು ಅಧ್ಯಕ್ಷರು ಮುಗಿಸಿದರು. ಎರಡು ನಿಮಿಷವೂ ಹಿಡಿಯಲಿಲ್ಲ. ಹೊರಗೆ ಬಂದಾಗ ಆ ಹೆಣ್ಣುಮಗಳು ಎದ್ದುನಿಂತು, "ಏನಾತ್ರಿ ಸಾಹೇಬ್ರ?" ಎಂದು ಕೇಳಿದಳು. "ಆಗ್ತದವಾ, ಮುಂದಿನ ಮೀಟಿಂಗಿಗೆ ಇಟ್ಟಾರ," ಎಂದು ತಂದೆ ನಿಲ್ಲದೆ ಹೇಳಿ ನಡೆದರು. ಆ ರಾತ್ರಿ ಅವರು ಬರೆದದ್ದನ್ನು ನಾನು ಹಿಂದೆ ನಿಂತು ಓದಿದೆ. ಹಿರಿಯರು ಆಡಿದ ಮಾತು ಅದರಲ್ಲಿರಲಿಲ್ಲ.

"ಅವರು ಕೊಡೂಣು ಅಂದದ್ದು ಬರೀಲಿಲ್ಲಲ್ಲ ಅಪ್ಪಾ ನೀವು?"

"ಆದದ್ದನ್ನ ಬರೀಬೇಕು. ಅಂದದ್ದನ್ನೆಲ್ಲಾ ಬರಕೋತ ಕೂತರ ಪುಸ್ತಕ ಸಾಲೂದಿಲ್ಲ," ಎಂದರು.

ಆ ಕಾಲದಲ್ಲಿ ಮೇಲಿನಿಂದ ಕಾಗದಗಳು ಬರುತ್ತಿರಲಿಲ್ಲವೆಂದಲ್ಲ. ಮಲ ಎತ್ತುವವರ ಸ್ಥಿತಿ ನೋಡಲು ಮುಂಬಯಿ ಸರಕಾರ 1949ರಲ್ಲಿಯೇ ಬರ್ವೆಯವರ ಸಮಿತಿ ನೇಮಿಸಿತ್ತು. 1957ರಲ್ಲಿ ಕೇಂದ್ರ ಸರಕಾರ ಮಲ್ಕಾನಿಯವರ ಸಮಿತಿ ನೇಮಿಸಿತು. ತಲೆಯ ಮೇಲೆ ಹೊರುವುದು ನಿಲ್ಲಬೇಕು, ತಳ್ಳುಗಾಡಿ ಕೊಡಬೇಕು ಎಂಬ ಮಾತು ಅಂದಿನಿಂದಲೇ ಇದೆ. ನಮ್ಮ ಊರಿಗೂ ಒಂದೆರಡು ತಳ್ಳುಗಾಡಿ ಬಂದವು. ಹಿತ್ತಲ ಓಣಿ ಎರಡೂವರೆ ಮೊಳ ಅಗಲ, ಗಾಡಿ ಮೂರು ಮೊಳ. ಅವು ಸ್ಟೋರಿನ ಹಿಂದೆ ನಿಂತು ತುಕ್ಕು ಹಿಡಿದವು. ಕಾಯದೆಗಳ ಮಟ್ಟಿಗೂ ಹಾಗೆಯೇ. ರಾಜ್ಯ ಒಂದಾದಾಗ ಮುಂಬಯಿಯದೊಂದು, ಮೈಸೂರಿನದೊಂದು, ಮದ್ರಾಸಿನದೊಂದು, ಹೈದರಾಬಾದಿನದೊಂದು ಎಂದು ಒಂದೊಂದು ಭಾಗದ ಪಟ್ಟಣಗಳು ಒಂದೊಂದು ಕಾನೂನಿನಲ್ಲಿದ್ದವು. 1964ರಲ್ಲಿ ಎಲ್ಲಕ್ಕೂ ಸೇರಿ ಒಂದೇ ಪೌರಸಭೆಗಳ ಅಧಿನಿಯಮ ಬಂತು. ಕಡ್ಡಾಯ ಕರ್ತವ್ಯಗಳು, ವಿವೇಚನೆಯ ಕರ್ತವ್ಯಗಳು ಎಂದು ಅದರಲ್ಲಿ ಎರಡು ಪಟ್ಟಿ. ಪಾಯಖಾನೆ ಬಳಿಸುವುದು ಕಡ್ಡಾಯ. ಬಳಿಯುವವರ ಬದುಕು ಎಲ್ಲಿ ಬರುತ್ತದೆಂದು ತಂದೆಯವರನ್ನು ಕೇಳಿದರೆ, ಅದು ಬಜೆಟ್ಟಿನಲ್ಲಿ ಬರುತ್ತದೆ ಎಂದು ನಕ್ಕರು.

ನಳ ಕೊನೆಗೆ ಬಂತು. ಬಂದದ್ದು ಹೇಗೆಂದರೆ, ನಮ್ಮ ಸಭೆಯನ್ನು ಸರಕಾರ ಬರಖಾಸ್ತು ಮಾಡಿ ಆಡಳಿತಾಧಿಕಾರಿಯನ್ನು ನೇಮಿಸಿತು. ಅವರು ಎಲ್ಲಿಂದಲೋ ಬಂದ ತರುಣ ಅಧಿಕಾರಿ, ಊರಿನ ಯಾವ ಓಣಿಯ ಋಣವೂ ಅವರಿಗಿರಲಿಲ್ಲ. ಬಾಕಿ ಇದ್ದ ಕಾಗದಗಳನ್ನು ತರಿಸಿ ನೋಡಿ, ಒಂದು ಸಾಲಿನ ಹುಕುಮು ಬರೆದು ಸಹಿ ಹಾಕಿದರು. ಮೇಲಿನ ಓಣಿಗೆ ನೀರು ಏರುವುದು ನಿಲ್ಲಲಿಲ್ಲ. ಚುನಾಯಿತ ಸಭೆ ವರ್ಷಗಟ್ಟಲೆ ಮಾಡದ್ದನ್ನು ನೌಕರಶಾಹಿ ಒಂದು ದಿನದಲ್ಲಿ ಮಾಡಿತು ಎಂದು ನಾನು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಈಗ ಆ ಚಪ್ಪಾಳೆ ಬೇಡವೆನಿಸುತ್ತದೆ. ಅದೇ ಆಡಳಿತಾಧಿಕಾರಿಯ ಕಾಲದಲ್ಲಿ ಸಂತೆಯ ಜಾಗದಿಂದ ಕಾಯಿಪಲ್ಲೆಯವರನ್ನು ಎಬ್ಬಿಸಿದರು, ಆಗ ಅವರು ಯಾರ ಮುಂದೆಯೂ ಹೋಗಿ ಕೇಳುವಂತಿರಲಿಲ್ಲ. ಬೇವಿನ ಮರದ ಕೆಳಗೆ ಕೂಡಲು ಸಭೆಯೇ ಇರಲಿಲ್ಲ.

ತಲೆಯ ಮೇಲಿನ ಬುಟ್ಟಿ ಇಳಿಯುವ ಮಾತು ಸರಕಾರದ ಆಜ್ಞೆಯಾಗಿ ಬಂದದ್ದು 1970ರ ದಶಕದ ಆರಂಭದಲ್ಲಿ, ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರಿಂದ. ಮಲ ಹೊರುವುದನ್ನು ಅವರು ನಿಷೇಧಿಸಿದರು. ಅದೇ ಬಸವಲಿಂಗಪ್ಪನವರು 1973ರಲ್ಲಿ ಬೂಸಾ ಭಾಷಣದ ಗದ್ದಲದಲ್ಲಿ ಮಂತ್ರಿಪದವಿ ಬಿಡಬೇಕಾಯಿತು. ಕನ್ನಡ ಓದುಬರಹದವರಾದ ನಮಗೆ ಅವರ ಹೆಸರು ಹೇಳಿದರೆ ಬೂಸಾ ನೆನಪಾಗುತ್ತದೆ, ಬುಟ್ಟಿ ನೆನಪಾಗುವುದಿಲ್ಲ. ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪನವರ ವರದಿ ಬಂತು; 500 ಜನಸಂಖ್ಯೆಗೆ ಒಬ್ಬ ಕೆಲಸಗಾರ ಇರಬೇಕೆಂದು ಅದು ಹೇಳಿತು. ಝಾಡಮಾಲಿ ಎಂಬ ಶಬ್ದ ಹೋಗಿ ಪೌರಕಾರ್ಮಿಕ ಎಂಬ ಶಬ್ದ ಬಂತು. ಒಳ್ಳೆಯ ಶಬ್ದವೇ.

1979ರಲ್ಲಿ ರಾಜ್ಯದಲ್ಲಿ ಆಕ್ಟ್ರಾಯ್ ರದ್ದಾಯಿತು. ಊರ ಬಾಯಿಯಲ್ಲಿನ ಜಕಾತಿ ನಾಕೆಗಳು ಮುಚ್ಚಿದವು, ಲಾರಿಯವರು ಹಬ್ಬ ಮಾಡಿದರು. ಆದರೆ ಮುನಸಿಪಾಲ್ಟಿಗೆ ತನ್ನದೆಂದು ಹೇಳಿಕೊಳ್ಳುವ ದೊಡ್ಡ ಉತ್ಪನ್ನ ಅದೊಂದೇ ಆಗಿತ್ತು. ಆಮೇಲೆ ಸಭೆಯ ಮಾತಿನ ಧಾಟಿಯೇ ಬದಲಾಯಿತು; 'ಠರಾಯಿಸಲಾಯಿತು' ಎನ್ನುವ ಕಡೆ 'ಸರಕಾರಕ್ಕೆ ಬರೆದುಕೊಳ್ಳಲು' ಎಂಬ ಬಾಲ ಅಂಟಿಕೊಂಡಿತು. ತಂದೆ ಅಷ್ಟರಲ್ಲಿ ನಿವೃತ್ತರಾಗಿದ್ದರು.

ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂದಾಗ, ಸಭೆಯನ್ನು ವಿಸರ್ಜಿಸಿದರೆ ಆರು ತಿಂಗಳೊಳಗೆ ಚುನಾವಣೆಯಾಗಬೇಕು, ಪರಿಶಿಷ್ಟರಿಗೂ ಮಹಿಳೆಯರಿಗೂ ಸ್ಥಾನ ಮೀಸಲಿರಬೇಕು ಎಂದಾಯಿತು. ಇದರಿಂದ ಆದದ್ದು ಸಣ್ಣದಲ್ಲ. ನಮ್ಮ ಊರಿನಲ್ಲಿ ಆ ಓಣಿಯ ಹೆಣ್ಣುಮಗಳೊಬ್ಬಳು 2018ರಲ್ಲಿ ಆರಿಸಿ ಬಂದಳು. ಆ ವರ್ಷದ ಆಗಸ್ಟ್ ಕೊನೆಗೆ ರಾಜ್ಯದ ನೂರಕ್ಕೂ ಹೆಚ್ಚು ಪಟ್ಟಣಗಳಿಗೆ ಚುನಾವಣೆ ನಡೆದಿತ್ತು. ಆದರೆ ಅಧ್ಯಕ್ಷ ಉಪಾಧ್ಯಕ್ಷರ ಮೀಸಲಾತಿ ಪಟ್ಟಿಯ ತಕರಾರು ಹೈಕೋರ್ಟಿಗೆ ಹೋಗಿ, 2020ರ ಅಕ್ಟೋಬರ್ ನವೆಂಬರಿನವರೆಗೆ ಅಧ್ಯಕ್ಷರ ಆಯ್ಕೆಯೇ ಆಗಲಿಲ್ಲ. ಆಕೆ ಎರಡು ವರ್ಷ ಮೆಂಬರಳಾಗಿಯೂ ಕೂಡಲು ಸಭೆ ಇಲ್ಲದೆ ಹೊರಗಿದ್ದಳು. ಎರಡನೆಯ ಅವಧಿಗೂ ಇದೇ ಪಾಡು. ಹೊಸ ಪಟ್ಟಿ ಬಂದದ್ದು 2024ರ ಆಗಸ್ಟಿನಲ್ಲಿ.

ಈ ನಡುವೆ ಸವಣೂರಿನ ಸುದ್ದಿಯನ್ನು ಬಿಟ್ಟು ಮುಂದೆ ಹೋಗಲಾರೆ. 2010ರ ಜುಲೈ ತಿಂಗಳಿನಲ್ಲಿ ಅಲ್ಲಿಯ ಭಂಗಿ ಕುಟುಂಬದವರು ತಾವಿದ್ದ ಜಾಗದಿಂದ ತಮ್ಮನ್ನು ಎಬ್ಬಿಸುತ್ತಾರೆಂದು ಪ್ರತಿಭಟಿಸಿ, ಪುರಸಭೆಯ ಕಚೇರಿಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. 1993ರಲ್ಲಿಯೇ ಮಲ ಹೊರಿಸುವುದನ್ನು ನಿಷೇಧಿಸುವ ಕೇಂದ್ರದ ಕಾಯದೆ ಆಗಿತ್ತು, 2013ರಲ್ಲಿ ಇನ್ನೊಂದು ಆಯಿತು. ಪತ್ರಿಕೆಯಲ್ಲಿ ಆ ಚಿತ್ರ ನೋಡಿದ ದಿನ ನನಗೆ ಊಟ ಸೇರಲಿಲ್ಲ. ನೂರೈವತ್ತು ವರ್ಷ ಅವರು ಊರಿನ ಹೊರೆಯನ್ನು ಸದ್ದಿಲ್ಲದೆ ಊರ ಹೊರಗೆ ಒಯ್ದರು. ಅದನ್ನು ಊರೊಳಗೆ ತಂದು, ಸಭೆಯ ಬಾಗಿಲಲ್ಲಿ ಇಳಿಸಿದ್ದು ಆ ಒಂದು ದಿನ. ಅರ್ಜಿಯನ್ನು ಮುಂದಿನ ಸಭೆಗೆ ಇಡಬಹುದು, ಇದನ್ನು ಇಡಲು ಬರುತ್ತಿರಲಿಲ್ಲ.

ಕಳೆದ ವರ್ಷ ಊರಿಗೆ ಹೋದಾಗ ಹಳೆಯ ನಡವಳಿ ಪುಸ್ತಕ ನೋಡಬೇಕೆನಿಸಿತು. ನಡವಳಿಯನ್ನು ಊರಿನವರು ಯಾರೂ ನೋಡಬಹುದೆಂದು ಕಾನೂನಿನಲ್ಲಿದೆ, ಆದರೂ ಮೂರು ದಿನ ಓಡಾಡಬೇಕಾಯಿತು. ಗೆದ್ದಲು ಬಿಟ್ಟ ಪುಸ್ತಕಗಳಲ್ಲಿ ತಂದೆಯವರ ಅಕ್ಷರ ಸಿಕ್ಕಿತು. ದುಂಡಗೆ, ಗೆರೆ ತಪ್ಪದೆ. ನಳದ ಅರ್ಜಿ ನಾನು ಕೇಳಿದ ಸಭೆಗಿಂತ ಮೊದಲೂ ಬಂದಿತ್ತು, ಆಮೇಲೂ ಬಂದಿತ್ತು. ಒಮ್ಮೆ ವರದಿ ಬಂದಿಲ್ಲವೆಂದು, ಒಮ್ಮೆ ಹಣದ ಅನುಕೂಲ ನೋಡಿಕೊಂಡು ಎಂದು, ಒಮ್ಮೆ ಕಾರಣವೇ ಇಲ್ಲದೆ ಮುಂದಿನ ಸಭೆಗೆ. ಅರ್ಜಿದಾರರ ಹೆಸರು ಎಲ್ಲಿಯೂ ಇಲ್ಲ, 'ಸದರಿ ಓಣಿಯವರು' ಎಂದಷ್ಟೇ ಇದೆ.

ಮೊದಲು ನಾನು ಗಮನಿಸಲಿಲ್ಲ. ಪ್ರತಿ ಸಲದ ನಮೂದಿನ ಪಕ್ಕದಲ್ಲಿ, ಅಂಚಿನಲ್ಲಿ, ಪೆನ್ಸಿಲಿನ ಸಣ್ಣ ಅಂಕಿ ಇತ್ತು. ಪುಟಸಂಖ್ಯೆಯಲ್ಲ, ವಿಷಯದ ಕ್ರಮಾಂಕವೂ ಅಲ್ಲ. ಹಿಂದಕ್ಕೆ ತಿರುವಿ ನೋಡಿದೆ: 2, 3, 4. ತಂದೆ ಎಣಿಸುತ್ತಿದ್ದರು. ಕೊನೆಯ ಅಂಕಿ 14.

"ಝೆರಾಕ್ಸ್ ಬೇಕೇನ್ರೀ ಅಜ್ಜಾರ?" ಎಂದು ರೆಕಾರ್ಡು ನೋಡಿಕೊಳ್ಳುವ ಹುಡುಗ ಕೇಳಿದ. ಹೌದೆಂದೆ. ಮಸಿಯಲ್ಲಿ ಬರೆದದ್ದೆಲ್ಲ ಸ್ವಚ್ಛವಾಗಿ ಮೂಡಿತು. ಪೆನ್ಸಿಲಿನದು ಮೂಡಲಿಲ್ಲ.