‘ನಿರ್ಣಾಯಕರ ತೀರ್ಮಾನವೇ ಅಂತಿಮ’: ಕಬಡ್ಡಿ ಅಂಕಣಕ್ಕೆ ಸೀಟಿ ಬಂದ ಕತೆ

ಗಣೇಶ ಹಬ್ಬವೋ ಊರ ಜಾತ್ರೆಯೋ ಹತ್ತಿರ ಬಂದಾಗ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆಯ ಬಸ್ ನಿಲ್ದಾಣಗಳ ಗೋಡೆ ನೋಡಿ. ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’ ಎಂಬ ಪೋಸ್ಟರ್ ಕಾಣುತ್ತದೆ. ಈಗ ಅದೇ ಪೋಸ್ಟರ್ ವಾಟ್ಸಾಪ್‌ಗೂ ಬರುತ್ತದೆ. ಮೇಲೆ ಮುಖಂಡರ ಫೋಟೊ, ನಡುವೆ ಬಹುಮಾನ, ಪ್ರವೇಶ ಶುಲ್ಕ, ಇಷ್ಟೇ ಕೆ.ಜಿ. ತೂಕ ಎಂಬ ಷರತ್ತು. ಎಲ್ಲಕ್ಕಿಂತ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ‘ನಿರ್ಣಾಯಕರ ತೀರ್ಮಾನವೇ ಅಂತಿಮ’.

ಬಹುಮಾನದ ಮೊತ್ತ ನೋಡಿದಷ್ಟು ಗಮನ ಕೊಟ್ಟು ಈ ಸಾಲನ್ನು ಯಾರೂ ಓದುವುದಿಲ್ಲ. ಆದರೆ ರಾತ್ರಿ ಹನ್ನೊಂದಾಗಿ, ಎರಡೂ ಕಡೆ ಅಂಕ ಸಮ ಇದ್ದು, ಒಂದು ಕಡೆಯವರು ‘ಮುಟ್ಟ್ಯಾನ್ರೀ ಸರ’ ಎಂದು, ಇನ್ನೊಂದು ಕಡೆಯವರು ‘ಮುಟ್ಟೇ ಇಲ್ಲರೀ’ ಎಂದು ಕೂಗುವಾಗ, ಇಡೀ ಪಂದ್ಯಾವಳಿ ನಿಂತಿರುವುದು ಇದೊಂದು ಸಾಲಿನ ಮೇಲೆ. ಆ ಸಾಲಿಗೆ ಈ ಬಲ ಎಲ್ಲಿಂದ ಬಂತು ಎಂದು ಹುಡುಕಿದರೆ ನೂರು ವರ್ಷದ ಕತೆ ಸಿಗುತ್ತದೆ.

ಸೀಟಿ ಇಲ್ಲದ ಕಾಲ

ಆಟ ಹಳೆಯದು, ಅಂಪೈರ್ ಹೊಸಬ. ಮಹಾರಾಷ್ಟ್ರದಲ್ಲಿ ಹುತುತು, ತಮಿಳುನಾಡಿನಲ್ಲಿ ಸಡುಗುಡು, ಬಂಗಾಳದಲ್ಲಿ ಹಾಡುಡು ಎಂದು ಕರೆದರೂ ಮೂಲ ಒಂದೇ. ಒಂದೇ ದಮ್ಮಿನಲ್ಲಿ ಎದುರಾಳಿಗಳ ಕಡೆ ಹೋಗಬೇಕು, ಮುಟ್ಟಬೇಕು, ದಮ್ಮು ಬಿಡದೆ ತಿರುಗಿ ಬರಬೇಕು.

ಇದರ ತೀರ್ಪು ಕುಸ್ತಿಯ ತೀರ್ಪಿಗಿಂತ ಕಷ್ಟ. ಕುಸ್ತಿ ಕಣದಲ್ಲಿ ಪೈಲ್ವಾನನ ಬೆನ್ನು ಮಣ್ಣಿಗೆ ಹತ್ತಿದ್ದು ಸುತ್ತ ಕುಳಿತ ಎಲ್ಲರಿಗೂ ಕಾಣುತ್ತದೆ, ಪಂಚರು ಹೇಳಿದ್ದನ್ನು ಜನ ಒಪ್ಪುತ್ತಾರೆ. ಕಬಡ್ಡಿಯಲ್ಲಿ ಬೆರಳ ತುದಿ ತಾಗಿದ್ದು ಗೊತ್ತಾಗುವುದು ಮುಟ್ಟಿದವನಿಗೆ, ಮುಟ್ಟಿಸಿಕೊಂಡವನಿಗೆ ಮಾತ್ರ. ದಮ್ಮು ಮುರಿದದ್ದು ಕೇಳುವುದು ಹತ್ತಿರ ಇದ್ದವರಿಗಷ್ಟೇ. ಊರೊಳಗಿನ ಆಟದಲ್ಲಿ ಹಿರಿಯರ ಮಾತು ನಡೆಯಿತು. ಎರಡು ಊರು ಎದುರಾದಾಗ ಯಾರ ಹಿರಿಯರ ಮಾತು ನಡೆಯಬೇಕು?

ನಿಯಮಗಳೂ ಒಂದೇ ಇರಲಿಲ್ಲ. ಔಟಾದವನು ತನ್ನ ಕಡೆಯವರು ಅಂಕ ಗಳಿಸಿದಾಗ ಮತ್ತೆ ಒಳಗೆ ಬರುವುದು ‘ಸಂಜೀವನಿ’. ಔಟಾದವನು ತಂಡದ ಎಲ್ಲರೂ ಔಟಾಗುವವರೆಗೆ ಹೊರಗೇ ಕೂರುವುದು ‘ಗಾಮಿನಿ’. ಔಟಾದರೂ ಹೊರಗೆ ಹೋಗದೆ, ಎದುರಾಳಿಗೆ ಅಂಕ ಮಾತ್ರ ಕೊಡುವುದು ‘ಅಮರ್’. ಒಂದು ಊರು ಸಂಜೀವನಿ ಆಡುತ್ತಿದ್ದು ಇನ್ನೊಂದು ಗಾಮಿನಿ ಆಡುತ್ತಿದ್ದರೆ, ಆಟ ಶುರುವಾಗುವ ಮೊದಲೇ ಜಗಳ ಶುರು.

ನಿಯಮ ಕಾಗದಕ್ಕೆ ಬಂತು

ನಿಯಮಗಳನ್ನು ಒಂದು ಮಾಡುವ ಕೆಲಸ ಮಹಾರಾಷ್ಟ್ರದಲ್ಲಿ 1918ರ ಹೊತ್ತಿಗೆ ನಡೆಯಿತು. 1923ರಲ್ಲಿ ಅವು ಅಚ್ಚಾದವು, ಅದೇ ವರ್ಷ ಬರೋಡಾದಲ್ಲಿ ಅದೇ ನಿಯಮದ ಮೇಲೆ ಅಖಿಲ ಭಾರತ ಪಂದ್ಯಾವಳಿ ನಡೆಯಿತು. 1936ರ ಬರ್ಲಿನ್ ಒಲಿಂಪಿಕ್ಸ್ ಸಮಯದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿಯವರು ಈ ಆಟವನ್ನು ಅಲ್ಲಿ ಆಡಿ ತೋರಿಸಿದರು. 1950ರಲ್ಲಿ ಅಖಿಲ ಭಾರತ ಕಬಡ್ಡಿ ಫೆಡರೇಷನ್, 1972ರಲ್ಲಿ ಈಗಿನ ಅಮೆಚೂರ್ ಕಬಡ್ಡಿ ಫೆಡರೇಷನ್ ಹುಟ್ಟಿದವು.

ಇದೆಲ್ಲ ನಮಗೆ ದೂರದ ಸುದ್ದಿಯಲ್ಲ. 1956ರಲ್ಲಿ ರಾಜ್ಯಗಳ ಮರುವಿಂಗಡಣೆ ಆಗುವವರೆಗೆ ನಮ್ಮ ಭಾಗ ಮುಂಬೈ ಆಡಳಿತದ ಧಾರವಾಡ ಜಿಲ್ಲೆಯಲ್ಲಿತ್ತು. ಸಾತಾರ, ಪುಣೆಯ ಶಾಲೆಗಳಿಗೂ ನಮ್ಮ ಶಾಲೆಗಳಿಗೂ ಶಿಕ್ಷಣ ಇಲಾಖೆ ಒಂದೇ. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ.

ಅಚ್ಚಾದ ನಿಯಮ ಒಂದು ದೊಡ್ಡ ಕೆಲಸ ಮಾಡಿತು. ಅಲ್ಲಿಯವರೆಗೆ ತೀರ್ಪು ಹೇಳುವವನ ಬೆನ್ನಿಗೆ ಇದ್ದದ್ದು ಅವನ ವಯಸ್ಸು, ಅವನ ಮನೆತನ. ಇನ್ನು ಮುಂದೆ ಅವನ ಬೆನ್ನಿಗೆ ಪುಸ್ತಕ ನಿಂತಿತು. ‘ನಾ ಹೇಳ್ತೀನಿ’ ಎನ್ನುತ್ತಿದ್ದವನು ‘ನಿಯಮ ಹೇಳ್ತದ’ ಎನ್ನುವಂತಾಯಿತು.

ಡ್ರಿಲ್ ಮಾಸ್ತರರ ಸೀಟಿ

ಪುಸ್ತಕ ಇದ್ದರೆ ಸಾಲದು, ಓದಿ ನಡೆಸುವವರು ಬೇಕು. 1920ರಲ್ಲಿ ಮದ್ರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ಶುರುವಾಯಿತು. ಅದನ್ನು ಕಟ್ಟಿದವರು ಅಮೆರಿಕದಿಂದ ಬಂದ ಹ್ಯಾರಿ ಕ್ರೋ ಬಕ್. 1938ರಲ್ಲಿ ಮುಂಬೈ ಬಳಿಯ ಕಾಂದಿವಲಿಯಲ್ಲಿ ದೈಹಿಕ ಶಿಕ್ಷಣದ ತರಬೇತಿ ಸಂಸ್ಥೆ ಬಂತು. ಇಂಥ ತರಬೇತಿಯಿಂದ ಹೊಸ ತರದ ಮಾಸ್ತರರು ತಯಾರಾದರು. ಕೊರಳಲ್ಲಿ ಸೀಟಿ, ಕೈಯಲ್ಲಿ ಅಳತೆ ಟೇಪು. ನಮ್ಮ ಅಜ್ಜಂದಿರು ‘ಡ್ರಿಲ್ ಮಾಸ್ತರ’ ಎಂದರು, ನಾವು ‘ಪಿ.ಟಿ. ಸರ್’ ಎಂದೆವು.

ವಲಯ, ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ನಡೆಯುವ ಶಾಲಾ ಕ್ರೀಡಾಕೂಟದಲ್ಲಿ ಬೆಳಿಗ್ಗೆ ಸುಣ್ಣದ ಪುಡಿಯಿಂದ ಗೆರೆ ಹಾಕುವವರು ಇವರೇ, ಮಧ್ಯಾಹ್ನ ಸೀಟಿ ಊದುವವರು ಇವರೇ. ರಾತ್ರಿ ಊರ ಯುವಕ ಮಂಡಳಿಯವರು ‘ನಮ್ಮ ಪಂದ್ಯಾವಳಿಗೆ ನೀವೇ ಬರ್ಬೇಕ್ರೀ ಸರ’ ಎಂದು ಕರೆದುಕೊಂಡು ಹೋಗುವುದೂ ಇವರನ್ನೇ. ಸಿಗುವುದು ಒಂದು ಶಾಲು, ಒಂದು ಹಾರ, ಹೋಗಿ ಬರುವ ಖರ್ಚು.

ಒಬ್ಬರಲ್ಲ, ಆರು ಜನ

ಫೆಡರೇಷನ್ ನಿಯಮದಂತೆ ಒಂದು ಪಂದ್ಯ ನಡೆಸಲು ಆರು ಜನ ಬೇಕು: ಒಬ್ಬ ರೆಫ್ರಿ, ಇಬ್ಬರು ಅಂಪೈರ್, ಒಬ್ಬ ಸ್ಕೋರರ್, ಇಬ್ಬರು ಸಹಾಯಕ ಸ್ಕೋರರ್. ಅಂಪೈರ್‌ಗಳು ನಡುಗೆರೆಯ ಎರಡು ತುದಿಯಲ್ಲಿ ನಿಲ್ಲುತ್ತಾರೆ. ರೈಡರ್‌ನ ಬೆನ್ನು ಒಬ್ಬರ ಕಣ್ಣಿಗೆ ಅಡ್ಡ ಬಂದರೆ ಇನ್ನೊಬ್ಬರಿಗೆ ಅವನ ಕೈ ಕಾಣುತ್ತದೆ. ಸಾಮಾನ್ಯವಾಗಿ ಅಂಪೈರ್ ಮಾತೇ ಅಂತಿಮ. ಇಬ್ಬರಲ್ಲಿ ಒಮ್ಮತ ಬರದಿದ್ದರೆ ರೆಫ್ರಿ ಹೇಳಬೇಕು.

ಅಂದರೆ ‘ಅಂತಿಮ’ ಎನ್ನುವುದು ಒಬ್ಬ ಮನುಷ್ಯನ ಹಟವಲ್ಲ. ಒಬ್ಬರ ಕಣ್ಣು ತಪ್ಪಬಹುದು ಎಂದು ಒಪ್ಪಿಕೊಂಡೇ ಕಟ್ಟಿದ ವ್ಯವಸ್ಥೆ ಅದು. ನಮ್ಮ ಊರುಗಳಲ್ಲಿ ಆರು ಜನರ ಕೆಲಸವನ್ನು ಒಬ್ಬರೋ ಇಬ್ಬರೋ ಮಾಡುತ್ತಾರೆ. ತಪ್ಪಾದಾಗ ಬೈಗುಳ ಮಾತ್ರ ಆರೂ ಜನರ ಪಾಲಿನದ್ದು ಅವರೊಬ್ಬರಿಗೇ ಬೀಳುತ್ತದೆ.

ಟಿ.ವಿ. ಬಂದ ಮೇಲೆ

2014ರಲ್ಲಿ ಪ್ರೊ ಕಬಡ್ಡಿ ಶುರುವಾಯಿತು. 30 ಸೆಕೆಂಡಿನ ರೇಡ್, ‘ಡು ಆರ್ ಡೈ’, ರಿವ್ಯೂ ಎಲ್ಲವೂ ಮನೆಮಾತಾದವು. ಈಗ ಕ್ಯಾಮೆರಾ ಇಲ್ಲದ ಮಣ್ಣಿನ ಅಂಕಣದಲ್ಲೂ ಹುಡುಗರು ಕೈಯಿಂದ ಟಿ.ವಿ. ಚೌಕ ಬರೆದು ರಿವ್ಯೂ ಕೇಳುತ್ತಾರೆ. ಯಾರದ್ದೋ ಮೊಬೈಲ್ ವಿಡಿಯೊ ಅಂಪೈರ್ ಮುಖದ ಮುಂದೆ ಬರುತ್ತದೆ.

ಆದರೆ ಕ್ಯಾಮೆರಾ ಇದ್ದರೆ ಎಲ್ಲ ಸರಿಹೋಗುತ್ತದೆಯೇ? 2023ರ ಅಕ್ಟೋಬರ್ 7ರಂದು ಚೀನಾದ ಹಾಂಗ್‌ಝೌನಲ್ಲಿ ಏಷ್ಯನ್ ಗೇಮ್ಸ್ ಫೈನಲ್. ಭಾರತ, ಇರಾನ್ 28–28. ಕೊನೆಯ ಒಂದೆರಡು ನಿಮಿಷ ಬಾಕಿ. ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಅಂಕಣದ ಬದಿಯ ಲಾಬಿಗೆ ಕಾಲಿಟ್ಟರು, ಇರಾನ್ ಆಟಗಾರರು ಬೆನ್ನು ಹತ್ತಿ ಅವರೂ ಲಾಬಿಗೆ ಬಂದರು. ಔಟಾದದ್ದು ರೈಡರ್ ಒಬ್ಬನೇ, ಇಲ್ಲ ಬೆನ್ನು ಹತ್ತಿದವರೂ ಔಟೇ? ಹಳೆಯ ನಿಯಮ ಒಂದು ಹೇಳುತ್ತಿತ್ತು, ಹೊಸದು ಇನ್ನೊಂದು. ತೀರ್ಪು ಮತ್ತೆ ಮತ್ತೆ ಬದಲಾಯಿತು. ಪಂದ್ಯ ಸುಮಾರು ಒಂದು ಗಂಟೆ ನಿಂತಿತು. ಕೊನೆಗೆ ಭಾರತ 33–29ರಿಂದ ಗೆದ್ದಿತು.

ಅಲ್ಲಿ ಕ್ಯಾಮೆರಾ ಇತ್ತು, ಆರೂ ಜನ ಇದ್ದರು. ಇಲ್ಲದ್ದು ಒಂದೇ: ಯಾವ ನಿಯಮ ಎಂಬ ಬಗ್ಗೆ ಮೊದಲೇ ಆದ ಒಪ್ಪಂದ. ನೂರು ವರ್ಷದ ಹಿಂದೆ ಸಂಜೀವನಿಯೋ ಗಾಮಿನಿಯೋ ಎಂದು ಎರಡು ಊರುಗಳು ಜಗಳಾಡಿದರೆ ಅದರ ಕಾರಣವೂ ಇದೇ.

ಮುಂದಿನ ಪೋಸ್ಟರ್‌ಗೆ ಮೊದಲು

ನಮ್ಮ ಊರುಗಳಲ್ಲಿ ಇದಕ್ಕೆ ದುಡ್ಡು ಬೇಕಿಲ್ಲ. ಪಂದ್ಯಕ್ಕೆ ಮೊದಲು ಎರಡೂ ತಂಡದ ಕ್ಯಾಪ್ಟನ್‌ಗಳನ್ನು ಕರೆದು ಬೋನಸ್, ಲಾಬಿ, ಸಮಯದ ನಿಯಮವನ್ನು ಮೈಕಿನಲ್ಲಿ ಓದಬಹುದು. ಅಂಪೈರ್ ಇಬ್ಬರಿರಲಿ, ಆಡುವ ಎರಡೂ ಊರಿನವರಾಗದಿರಲಿ. ತಕರಾರಿದ್ದರೆ ಕ್ಯಾಪ್ಟನ್ ಒಬ್ಬನೇ ಮಾತಾಡಲಿ, ಉಳಿದವರು ಗೆರೆಯ ಆಚೆ ನಿಲ್ಲಲಿ.

ಏಕೆಂದರೆ ಒಂದು ತೀರ್ಪಿಗಾಗಿ ದೊಡ್ಡವರು ಅಂಕಣಕ್ಕೆ ನುಗ್ಗಿದರೆ, ಆ ರಾತ್ರಿ ಕಳೆದುಹೋಗುವುದು ಒಂದು ಅಂಕವಲ್ಲ. ಮುಂದಿನ ವರ್ಷ ಕರೆದರೆ ಆ ಮಾಸ್ತರರು ಬರುವುದಿಲ್ಲ. ಸೀಟಿ ಊದುವವರಿಲ್ಲದ ಊರಲ್ಲಿ ಪಂದ್ಯಾವಳಿ ನಡೆಯುವುದಿಲ್ಲ. ಗೆರೆಯ ಪಕ್ಕ ಕುಳಿತು ನೋಡುವ ಏಳನೇ ಇಯತ್ತೆಯ ಹುಡುಗ, ಹುಡುಗಿ ಎಲ್ಲಿ ಆಡಬೇಕು?

ನೂರು ವರ್ಷ ಹಿಡಿದು ಗಟ್ಟಿಯಾದ ಸಾಲು ಅದು. ಪೋಸ್ಟರ್‌ನಲ್ಲಿ ಅದನ್ನು ಇನ್ನೊಂದಿಷ್ಟು ದೊಡ್ಡ ಅಕ್ಷರದಲ್ಲಿ ಹಾಕಿಸೋಣ.