ಮಿಲ್ಲಿಂಗ್ ಯಂತ್ರದಲ್ಲಿ ಟೂಲ್ ಎತ್ತರದ ಹೊಂದಾಣಿಕೆ

ಮಿಲ್ಲಿಂಗ್ ಯಂತ್ರದಲ್ಲಿ ಒಂದು ಕಟರ್ ಬಿಚ್ಚಿ ಇನ್ನೊಂದನ್ನು ಕೈಯಿಂದ ಹಾಕಿದಾಗ, ಹೊಸದರ ತುದಿ ಹಳೆಯದು ನಿಂತಿದ್ದ ಮಟ್ಟಕ್ಕೇ ಬರುವಂತೆ, ಇಲ್ಲವೇ ಎರಡರ ನಡುವಿನ ವ್ಯತ್ಯಾಸ ಎಷ್ಟೆಂದು ಖಚಿತವಾಗಿ ತಿಳಿಯುವಂತೆ ಮಾಡುವ ಕೆಲಸವೇ ಟೂಲ್ ಎತ್ತರದ ಹೊಂದಾಣಿಕೆ. ಈ ವ್ಯತ್ಯಾಸವನ್ನು ವರ್ಕ್‌ಶಾಪುಗಳಲ್ಲಿ ‘ಆಫ್‌ಸೆಟ್’ ಎನ್ನುತ್ತಾರೆ. ಎತ್ತರವನ್ನು ಯಾವುದಾದರೊಂದು ಮುಖದಿಂದಲೇ ಅಳೆಯಬೇಕು. ಆ ಮುಖ ಯಾವುದಿರಬೇಕು ಎಂಬುದಕ್ಕೆ ಕಾಲಕಾಲಕ್ಕೆ ಸಿಕ್ಕ ಉತ್ತರಗಳೇ ಈ ವಿಷಯದ ಇತಿಹಾಸ.

ಅಮೆರಿಕದ ಜೋಸೆಫ್ ಬ್ರೌನ್ 1862ರಲ್ಲಿ ಯೂನಿವರ್ಸಲ್ ಮಿಲ್ಲಿಂಗ್ ಯಂತ್ರ ರೂಪಿಸಿದ ಕಾಲದಲ್ಲಿ ಉತ್ತರ ಸರಳವಾಗಿತ್ತು: ಜಾಬಿನ, ಅಂದರೆ ಕೊರೆಯಬೇಕಾದ ತುಂಡಿನ, ಮೇಲ್ಮೈ. ತೆಳು ಕಾಗದದ ಚೂರಿಗೆ ಎಣ್ಣೆ ಸವರಿ ಜಾಬಿನ ಮೇಲೆ ಅಂಟಿಸುತ್ತಾರೆ. ಕಟರ್ ತಿರುಗುತ್ತಿರುವಾಗಲೇ ಟೇಬಲ್ಲನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಮೇಲೇರಿಸುತ್ತಾರೆ. ಹಲ್ಲು ಕಾಗದವನ್ನು ಸೆಳೆದೊಯ್ದ ಕ್ಷಣಕ್ಕೆ ಕೈ ನಿಲ್ಲಿಸಿ, ಡಯಲ್ ಸೊನ್ನೆಗೆ ತಂದು, ಕಾಗದದ ದಪ್ಪವನ್ನು ಲೆಕ್ಕಕ್ಕೆ ಸೇರಿಸುತ್ತಾರೆ. ಸಾಮಾನ್ಯ ಬರೆಯುವ ಕಾಗದವಾದರೆ ದಪ್ಪ ಸುಮಾರು 0.1 ಮಿಲಿಮೀಟರ್. ಬೆರಳು ಮಾತ್ರ ಕಟರಿನಿಂದ ದೂರವಿರಲೇಬೇಕು. ಈ ಪದ್ಧತಿ ಇಂದಿಗೂ ಸತ್ತಿಲ್ಲ, ಸಾಯಬೇಕಾಗಿಯೂ ಇಲ್ಲ. ಅದರ ಮಿತಿ ಬೇರೆ ಕಡೆ ಇದೆ: ಮೊದಲ ಕಟರ್ ಮೇಲ್ಮೈಯನ್ನೇ ಕೊರೆದು ಹಾಕಿದ ಮೇಲೆ ಎರಡನೆಯದನ್ನು ತಾಗಿಸಿ ನೋಡಲು ಆ ಮುಖವೇ ಉಳಿದಿರುವುದಿಲ್ಲ.

ಹಾಗಾಗಿ ಗಮನ ಕಟರನ್ನು ತಿರುಗಿಸುವ ಸ್ಪಿಂಡಲ್ ಕಡೆ ತಿರುಗಿತು. 1920ರ ದಶಕದ ಕೊನೆಗೆ ಅಮೆರಿಕದಲ್ಲಿ ಮಿಲ್ಲಿಂಗ್ ಸ್ಪಿಂಡಲ್ಲಿಗೆ 7/24 ಟೇಪರ್ ಪ್ರಮಾಣವಾಯಿತು. ಮುಂದೆ ಜಗತ್ತಿನಾದ್ಯಂತ ನೆಲೆಗೊಂಡಿತು. ಇದರಲ್ಲಿ 24 ಮಿಲಿಮೀಟರ್ ಉದ್ದಕ್ಕೆ ವ್ಯಾಸ 7 ಮಿಲಿಮೀಟರ್ ಕಿರಿದಾಗುತ್ತದೆ. ಕಡಿದಾದ ಇಳಿಜಾರಾದ್ದರಿಂದ ಹಿಡಿದುಕೊಳ್ಳದೆ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ. ಮೋರ್ಸ್ ಟೇಪರಿನಂತೆ ಹೊಡೆದು ಬಿಡಿಸಬೇಕಿಲ್ಲ. ಆದರೆ ಇದೇ ಲೆಕ್ಕ ತಿರುಗಿಯೂ ಹೊಡೆಯುತ್ತದೆ: ವ್ಯಾಸದಲ್ಲಿ 7 ಮೈಕ್ರಾನ್ ಹೆಚ್ಚುಕಡಿಮೆಯಾದರೆ ಎತ್ತರದಲ್ಲಿ 24 ಮೈಕ್ರಾನ್ ತಪ್ಪು. ಟೇಪರಿನ ಮೇಲೆ ಕೂತ ಸಣ್ಣ ಚಿಪ್ ಹುಡಿ ಇಷ್ಟು ಹಾನಿ ಮಾಡಬಲ್ಲದು. ಕಟರ್ ಹಾಕುವ ಮುನ್ನ ಅದನ್ನು ಹಿಡಿಯುವ ಹೋಲ್ಡರನ್ನೂ ಸ್ಪಿಂಡಲ್ಲಿನ ಒಳಮೈಯನ್ನೂ ಬಟ್ಟೆಯಿಂದ ಒರೆಸುವ ಪಾಠಕ್ಕೆ ಕಾರಣ ಇದು. 1990ರ ದಶಕದಲ್ಲಿ ಜರ್ಮನಿಯಲ್ಲಿ ಪ್ರಮಾಣಗೊಂಡ ಎಚ್‌ಎಸ್‌ಕೆ ಹೋಲ್ಡರ್ ಟೇಪರಿನ ಜೊತೆಗೆ ಸ್ಪಿಂಡಲ್ಲಿನ ಮುಖಕ್ಕೂ ಒತ್ತಿ ಕೂರುವುದರಿಂದ ಈ ದೋಷ ಬಹುಮಟ್ಟಿಗೆ ತಪ್ಪಿತು.

ನಿಜವಾದ ಪರಿಹಾರ ಇನ್ನೂ ಸರಳ. ಕಟರನ್ನು ಸುತ್ತಲೂ ಅಪ್ಪಿ ಹಿಡಿಯುವ ಕಾಲೆಟ್ ಬಿಗಿಯುವಾಗ ಅದನ್ನು ತುಸು ಒಳಕ್ಕೆ ಎಳೆದುಕೊಳ್ಳುತ್ತದೆ. ಬಿಚ್ಚಿ ಹಾಕಿದ ಪ್ರತಿ ಸಲವೂ ಎತ್ತರ ಬದಲಾಗುತ್ತದೆ. ಆದ್ದರಿಂದ ಪ್ರತಿ ಕಟರಿಗೂ ತನ್ನದೇ ಹೋಲ್ಡರ್ ಕೊಟ್ಟು, ಬದಲಿಸುವಾಗ ಹೋಲ್ಡರ್ ಸಮೇತ ಬದಲಿಸಿದರೆ ಒಮ್ಮೆ ಅಳೆದ ಎತ್ತರ ಹಾಗೇ ಉಳಿಯುತ್ತದೆ.

ಇಂಥ ಕೆಲಸ ನಡೆಯುವ ಯಂತ್ರೋಪಕರಣಗಳ ಕಥೆ ಕರ್ನಾಟಕದಲ್ಲಿ 1941ರಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತುಗಳಿಂದ ಮೊದಲಾಗುತ್ತದೆ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ಹುಟ್ಟಿತು. 1961ರಲ್ಲಿ ಬಂದ ಭಾರತ್ ಫ್ರಿಟ್ಜ್ ವರ್ನರ್ ಮಿಲ್ಲಿಂಗ್ ಯಂತ್ರಗಳಿಗೇ ಹೆಸರಾಯಿತು. ಮರುವರ್ಷ ತುಮಕೂರು ರಸ್ತೆಯಲ್ಲಿ ಕೇಂದ್ರ ಯಂತ್ರೋಪಕರಣ ಸಂಸ್ಥೆ, ಅಂದರೆ ಸಿಎಂಟಿಐ, ನೆಲೆಗೊಂಡಿತು. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಸರ್ಕಾರಿ ಟೂಲ್‌ರೂಂ ಮತ್ತು ತರಬೇತಿ ಕೇಂದ್ರ ತೆರೆಯಿತು. ಯಂತ್ರ ತಯಾರಿಕೆ, ಸಂಶೋಧನೆ, ತರಬೇತಿ ಮೂರೂ ಬೆಂಗಳೂರು ಒಂದೇ ನಗರದಲ್ಲಿ ಕೂಡಿಬಂದದ್ದು ದೊಡ್ಡ ಭಾಗ್ಯ. ಪೀಣ್ಯದ ಸಾವಿರಾರು ಸಣ್ಣ ಕಾರ್ಖಾನೆಗಳು ಬೆಳೆದದ್ದು ಈ ನೆರಳಿನಲ್ಲಿ.

ಎತ್ತರದ ವಿಷಯಕ್ಕೆ ಮರಳಿದರೆ, 1952ರಲ್ಲಿ ಅಮೆರಿಕದ ಎಂಐಟಿ ಸಂಖ್ಯಾ ನಿಯಂತ್ರಿತ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿದ ಬಳಿಕ ಎತ್ತರ ಒಂದು ಅಂಕಿಯಾಯಿತು. ಸ್ಪಿಂಡಲ್ಲಿನ ಗೇಜ್ ಲೈನ್ ಎಂಬ ಆಧಾರ ಗೆರೆಯಿಂದ ಕಟರಿನ ತುದಿಯವರೆಗಿನ ಉದ್ದವನ್ನು ಅಳೆದು ಕಂಟ್ರೋಲರಿನ ಪಟ್ಟಿಯಲ್ಲಿ ಬರೆಯುತ್ತಾರೆ. ಪ್ರೋಗ್ರಾಮಿನಲ್ಲಿ ‘ಜಿ 43’ ಬಂದಾಗ ಯಂತ್ರ ಆ ಅಂಕಿಯನ್ನು ತಾನೇ ಸೇರಿಸಿಕೊಳ್ಳುತ್ತದೆ. ಅಳೆಯಲು 50 ಮಿಲಿಮೀಟರ್ ಎತ್ತರದ ಡಯಲ್ ಸೆಟ್ಟರ್ ಅಥವಾ ಯಂತ್ರದ ಹೊರಗಿಡುವ ಪ್ರೀಸೆಟ್ಟರ್ ಬಳಕೆಯಲ್ಲಿದೆ. ಟೂಲನ್ನು ತಾನೇ ಬದಲಿಸುವ ಯಂತ್ರ ಬಂದ ಮೇಲೆ ಈ ಸಮಸ್ಯೆ ಮುಗಿಯಿತೆಂದು ಕೆಲವರು ತಿಳಿಯುತ್ತಾರೆ. ಅದು ಸರಿಯಲ್ಲ. ಆ ಯಂತ್ರದ ತೋಳು ಟೂಲ್ ಬದಲಿಸುತ್ತದೆ, ಅಳೆಯುವುದಿಲ್ಲ. ತಪ್ಪು ಅಂಕಿ ಬರೆದಿದ್ದರೆ ಕಟರ್ ನೇರ ಜಾಬಿಗೇ ಇಳಿಯಬಹುದು.

ಸಮಸ್ಯೆ ಇಂದು ಹೆಚ್ಚು ಕಾಡುವುದು ಮರ ಕೆತ್ತುವ ಅಗ್ಗದ ಸಿಎನ್‌ಸಿ ರೌಟರುಗಳಲ್ಲಿ. ಮರಗೆತ್ತನೆಯ ಊರುಗಳನ್ನೇ ನೋಡಿ: ಕುಮಟಾ, ಹೊನ್ನಾವರ, ಘಟ್ಟದ ಮೇಲಿನ ಸಿರಸಿ, ಸಾಗರ, ಸೊರಬ ಇವೆಲ್ಲ ಗುಡಿಗಾರ ಸಮುದಾಯದ ಗಂಧದ ಕೆತ್ತನೆಗೆ ಹೆಸರಾದ ಊರುಗಳು. ಗುಡಿಗಾರರ ಉಳಿ ಎಷ್ಟು ಆಳಕ್ಕೆ ಇಳಿಯಬೇಕೆಂದು ಕಣ್ಣೂ ಕೈಯೂ ಹೇಳುತ್ತವೆ. ರೌಟರಿಗೆ ಅಂಕಿಯೊಂದೇ ದಿಕ್ಕು. ಇಂಥ ಯಂತ್ರಗಳಲ್ಲಿ ಬಹುಪಾಲಿಗೆ ಬಿಚ್ಚಿ ತೆಗೆಯುವ ಹೋಲ್ಡರ್ ಇರುವುದಿಲ್ಲ. ಕಾಲೆಟ್ ಸಡಿಲಿಸಿದೊಡನೆ ಎತ್ತರ ಹೋಯಿತು. ಒರಟು ಬಿಟ್, ಅಂದರೆ ರೌಟರಿನ ಕಟರ್, ಕೊರೆದ ಮೇಲೆ ನಯಗೊಳಿಸುವ ಬಿಟ್ ಅರ್ಧ ಮಿಲಿಮೀಟರ್ ಮೇಲೆ ಕೂತರೂ ಕೆತ್ತುತ್ತಿರುವ ಗಣಪತಿಯ ಸೊಂಡಿಲ ಮೇಲೆ ಮೆಟ್ಟಿಲುಗಳು ಹಾಗೇ ಉಳಿಯುತ್ತವೆ. ಇದಕ್ಕೆ ದಪ್ಪ ಗೊತ್ತಿರುವ ಲೋಹದ ತಟ್ಟೆಗೆ ವೈರ್ ಜೋಡಿಸಿ, ಬಿಟ್ ತಾಗಿದೊಡನೆ ಯಂತ್ರ ನಿಲ್ಲುವ ಏರ್ಪಾಟಿದೆ. ಆ ತಟ್ಟೆಯನ್ನು ಕೆತ್ತುತ್ತಿರುವ ಹಲಗೆಯ ಮೇಲಲ್ಲ, ಯಂತ್ರದ ಮೇಜಿನಲ್ಲಿ ಕಟರ್ ಎಂದೂ ಮುಟ್ಟದ ಒಂದು ಮೂಲೆಯಲ್ಲಿ ಕಾಯಂ ಆಗಿ ಕೂರಿಸಿ, ಬಿಟ್ ಬದಲಿಸಿದ ಪ್ರತಿ ಸಲವೂ ಅಲ್ಲಿಂದಲೇ ಅಳೆಯಬೇಕು.